ಸಂಜೆ ಅರಳುವ ಹೂವೇ ನಮ್ಮನೆಗೆ ಸರಿ

ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ನಮ್ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಕಿರುಚುತ್ತೇವೆ. ಮಗಳಿಗೆ ಒಂದು ಸಾಕ್ಸ್ ಸಿಕ್ಕಿರುವುದಿಲ್ಲ, ಮಗನಿಗೆ ಇವತ್ತೇ ಚಾರ್ಟ್ ಪೇಪರ್ ಬೇಕು ಅನ್ನುವುದು ಸ್ಕೂಲ್ ವ್ಯಾನ್ ಹಾರ್ನ್ ಹೊಡೆದ ಮೇಲೆ ನೆನಪಾಗುತ್ತದೆ, ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಒಬ್ಬರೂ ಎಣಿಸಿರುವುದಿಲ್ಲ. ಇಂಥ ಮನೆಯ ತಾರಸಿಯಲ್ಲಿ ನಾನು ಹೋಗಿ ಹೋಗಿ ಸಿಹಿಗುಂಬಳ ಹಾಕಿದ್ದೆ.

ಬಳ್ಳಿ ಜೋರಾಗಿಯೇ ಹಬ್ಬಿತು. ಅಂಗೈ ಅಗಲದ ಹಳದಿ ಹೂವು ಬೇರೆ. ಕೆಲವು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ನೋಡಿ ನಾವೆಲ್ಲ ಖುಷಿಪಟ್ಟದ್ದೇ ಪಟ್ಟದ್ದು. ನಾಲ್ಕೈದು ದಿನಕ್ಕೆ ಅದು ಬಣ್ಣಗೆಟ್ಟು ಉದುರಿಹೋಗುತ್ತಿತ್ತು. ಬೆಂಗಳೂರಿನ ಮೂರನೇ ಮಹಡಿಗೆ ಜೇನುನೊಣ ಅಷ್ಟಾಗಿ ಬರುವುದಿಲ್ಲ, ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ನಾವೇ ಮುಟ್ಟಿಸಬೇಕು. ಕುಂಬಳದ ಹೂವೋ ಬೆಳಗಿನ ಜಾವ ಅರಳಿ, ಬಿಸಿಲೇರುತ್ತಿದ್ದಂತೆ ಮುಚ್ಚಿಕೊಳ್ಳುವ ಜಾತಿ. ಸರಿಯಾಗಿ ಡಬ್ಬಿ ಕಟ್ಟುವ ಹೊತ್ತು! ಮೂರು ತಿಂಗಳಲ್ಲಿ ನಮಗೆ ಸಿಕ್ಕಿದ್ದು ಒಂದೇ ಕಾಯಿ, ಅದೂ ಒಂದು ಭಾನುವಾರದ ಪುಣ್ಯ.

ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಅಮ್ಮ, "ಹೀರೆ ಹಾಕೆ ಮಾರಾಯ್ತಿ, ಅದು ಸಾಯಂಕಾಲ ಅರಳ್ತದೆ" ಅಂದಳು. ಅಷ್ಟೇ ವಿಷಯ. ಇಷ್ಟು ವರ್ಷ ಹೀರೆಕಾಯಿ ತಿಂದಿದ್ದೇನೆ, ಅದರ ಹೂವು ಯಾವಾಗ ಅರಳುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ.

ಜೂನ್ ಮಳೆಗೆ ಎರಡು ಬೀಜ ಊರಿದೆವು, ಹಳೇ ಪೇಂಟ್ ಬಕೆಟ್ಟಿನಲ್ಲಿ. ಮೊದಮೊದಲು ಬರೀ ಗಂಡು ಹೂವೇ ಬರುತ್ತದೆ, ಗೊಂಚಲು ಗೊಂಚಲಾಗಿ. ಹೆದರಬೇಡಿ, ಬಳ್ಳಿ ಕೆಟ್ಟಿಲ್ಲ. ಆಮೇಲೆ ಒಂಟಿಯಾಗಿ ಹೆಣ್ಣು ಹೂವು ಶುರುವಾಗುತ್ತದೆ. ಅದರ ಕೆಳಗೆ ಕಿರುಬೆರಳಿನ ಉದ್ದದ ಕಾಯಿ, ಅದರ ಮೇಲೆ ಆಗಲೇ ಏಣು ಮೂಡಿರುತ್ತದೆ. ನಾನು ಆಫೀಸಿಂದ ಬಂದು ಚೀಲ ಎಸೆದು ಮೇಲೆ ಹೋಗುವ ಹೊತ್ತಿಗೆ, ಅಂದರೆ ಆರು, ಆರೂಕಾಲಕ್ಕೆ, ಹೂವು ಆಗಷ್ಟೇ ಬಿಚ್ಚಿಕೊಳ್ಳುತ್ತಿರುತ್ತದೆ. ಮಗಳದು ಅದೇ ಡ್ಯೂಟಿ ಈಗ. ಗಂಡು ಹೂವು ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯದ ಮೂರು ಕವಲಿಗೆ ಮೆತ್ತಗೆ ಒತ್ತುತ್ತಾಳೆ, ಮೂಗಿನ ತುದಿಯೆಲ್ಲ ಹಳದಿ ಮಾಡಿಕೊಂಡು. ಎರಡು ದಿನ ಬಿಟ್ಟು ನೋಡಿದರೆ ಗೊತ್ತಾಗುತ್ತದೆ, ಹಿಡಿದಿದ್ದರೆ ಕಾಯಿ ಕಣ್ಣಿಗೆ ಕಾಣುವಷ್ಟು ಉದ್ದವಾಗಿರುತ್ತದೆ.

ಅಲ್ಲಿಂದ ನಾನು ಒಂದು ತೀರ್ಮಾನಕ್ಕೆ ಬಂದೆ. ತೋಟಕ್ಕೋಸ್ಕರ ಬೇಗ ಏಳ್ತೀನಿ ಅನ್ನುವ ಮಾತೆಲ್ಲ ನಾಲ್ಕು ದಿನದ್ದು. ನಮ್ಮನೆ ಗಡಿಯಾರಕ್ಕೆ ಹೊಂದುವ ಗಿಡ ಇರಲಿ, ಬೇರೆಯದು ಬೇಡ. ಮೆಂತ್ಯ ಇರಲಿ. ಡಬ್ಬಿಯಲ್ಲಿರುವ ಕಾಳನ್ನೇ ಭಾನುವಾರ ನೆನೆಹಾಕಿ ಚೆಲ್ಲಿದರೆ ಮೂರು ನಾಲ್ಕು ವಾರಕ್ಕೆ ಒಂದು ಸಲದ ಪಲ್ಯಕ್ಕೆ ಆಗುತ್ತದೆ. ಬಸಳೆ ಇರಲಿ, ಸೊಪ್ಪು ಬಿಡಿಸಿ ಉಳಿದ ದಂಟು ಚುಚ್ಚಿದರೂ ಬರುತ್ತದೆ, ಒಂದು ವಾರ ಮರೆತರೆ ಮುನಿಸಿಕೊಳ್ಳುವುದಿಲ್ಲ. ದೊಡ್ಡಪತ್ರೆಯಂತೂ ಬೇಡ ಅಂದರೂ ಇರುತ್ತದೆ.

ಟೊಮೆಟೊ ಬಿಟ್ಟೆ. 2023ರ ಜುಲೈನಲ್ಲಿ ಕಿಲೋ ನೂರು ರೂಪಾಯಿ ದಾಟಿದಾಗ ನಮ್ಮ ಆರು ಗಿಡಕ್ಕೂ ಎಲೆ ಮುರುಟು ರೋಗ ಬಂದಿತ್ತು. ಅದು ಬಿಳಿ ನೊಣ ಹರಡುವ ವೈರಸ್, ಬಂದ ಮೇಲೆ ಬೇವಿನೆಣ್ಣೆ ಹೊಡೆದರೂ ಗಿಡ ವಾಸಿಯಾಗುವುದಿಲ್ಲ, ಕಿತ್ತು ಹಾಕಬೇಕು. ನಾನು ಕೀಳದೆ ಪಾಪ ಅಂತ ದಿನಾ ನೀರು ಹಾಕಿಕೊಂಡು ಕೂತಿದ್ದೆ.

ನೀರಿನದು ಇನ್ನೊಂದು ಕಥೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತಾಯಿತಲ್ವಾ, ಆಗಿನಿಂದ ಅಡುಗೆಮನೆಯಲ್ಲಿ ಒಂದು ಬಕೆಟ್ ಇಟ್ಟಿದ್ದೇವೆ. ಅಕ್ಕಚ್ಚು, ತರಕಾರಿ ತೊಳೆದ ನೀರು ಎಲ್ಲ ಅದಕ್ಕೆ. ಆರ್‌ಓ ಮೆಷಿನ್ನಿನ ವೇಸ್ಟ್ ನೀರನ್ನೂ ಸುಮ್ನೆ ಯಾಕೆ ಚೆಲ್ಲೋದು ಅಂತ ದಿನಾ ಸುರಿದು, ಕುಂಡದ ಮೇಲೆಲ್ಲ ಬಿಳಿ ಉಪ್ಪು ಕಟ್ಟಿ ಕರಿಬೇವಿನ ಎಲೆಯಂಚು ಸುಟ್ಟ ಹಾಗಾಯಿತು. ಆ ನೀರು ಈಗ ನೆಲ ಒರೆಸಲಿಕ್ಕೆ ಮಾತ್ರ.

ಈ ಸಲ ಹದಿನೇಳು ಹೀರೆಕಾಯಿ ಆಯಿತು. ತೂಕಕ್ಕೆ ಹಾಕಿ ಲೆಕ್ಕ ಮಾಡಿದರೆ ಬಕೆಟ್, ಮಣ್ಣು, ಗೊಬ್ಬರದ ದುಡ್ಡೂ ಹುಟ್ಟಿಲ್ಲ, ಇವರು ಆ ಲೆಕ್ಕ ಮಾಡಿ ತೋರಿಸಿದ್ದೂ ಆಗಿದೆ. ಆದರೆ ಪೇಟೆ ಹೀರೆಕಾಯಿಯ ಸಿಪ್ಪೆ ಎಸೆಯುತ್ತಿದ್ದ ಮಕ್ಕಳು ಈಗ ಸಿಪ್ಪೆ ಚಟ್ನಿಗೆ ಜಗಳ ಆಡುತ್ತಾರೆ. ನಾನು ಎಳ್ಳು ಜಾಸ್ತಿ ಹಾಕುತ್ತೇನೆ, ಅದೂ ಕಾರಣ ಇರಬಹುದು.

ಬೀಜಕ್ಕೆ ಅಂತ ಎಲ್ಲಕ್ಕಿಂತ ದೊಡ್ಡ ಕಾಯಿಯೊಂದನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಮಗಳು ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದಳು. ಮೊನ್ನೆ ನೆಂಟರು ಬಂದಾಗ ಇವರು ಟಾರ್ಚ್ ಹಿಡಿದು ಮೇಲೆ ಹೋಗಿ, "ನೋಡು ಎಷ್ಟು ದಪ್ಪ ಇದೆ" ಅಂತ ಹೆಮ್ಮೆಯಿಂದ ಅದನ್ನೇ ಕಿತ್ತು ತಂದರು, ರಿಬ್ಬನ್ ಸಮೇತ. ಎಂಟು ಸೀಟಿ ಹೊಡೆಸಿದರೂ ಬೇಯಲಿಲ್ಲ.