ನರ್ಸ್ ಸಹಾಯಕ ಆ್ಯಪ್: ಆರನೇ ವಾರ

ಈ ವಾರ ಕೋಡ್ ಬರೆದದ್ದು ಕಡಿಮೆ, ಅಳಿಸಿದ್ದೇ ಜಾಸ್ತಿ.

ಗೊತ್ತಿಲ್ಲದವರಿಗೆ: ಈಗಷ್ಟೇ ಓದು ಮುಗಿಸಿ ವಾರ್ಡಿಗೆ ಬಂದ ನರ್ಸ್‌ಗಳಿಗಾಗಿ ಬಿಡುವಿನಲ್ಲಿ ಒಂದು ಆ್ಯಪ್ ಮಾಡುತ್ತಿದ್ದೇನೆ. ಉಸಿರಾಟ, ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅನ್ನುವುದು), ಬಿಪಿ, ಪಲ್ಸ್, ಟೆಂಪರೇಚರ್, ಪ್ರಜ್ಞೆ ಹೇಗಿದೆ, ಆಕ್ಸಿಜನ್ ಹಾಕಿದ್ದಾರಾ, ಇಷ್ಟು ಕೊಟ್ಟರೆ ನ್ಯೂಸ್2 ಅಂಕ ಬರುತ್ತದೆ. ರೋಗಿ ಹದಗೆಡುತ್ತಿದ್ದರೆ ಮೊದಲೇ ಎಚ್ಚರಿಸಲು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರತಂದ ಲೆಕ್ಕ ಅದು. ಒಂದೊಂದು ಅಳತೆಗೂ ಅಂಕ, ಹೆಚ್ಚಿದಷ್ಟೂ ಅಪಾಯ. ಒಟ್ಟು 5 ಮುಟ್ಟಿದರೆ ಡಾಕ್ಟರ್ ಬೇಗ ಬಂದು ನೋಡಬೇಕು, 7 ಆದರೆ ಎಮರ್ಜೆನ್ಸಿ. ಒಂದೇ ಒಂದು ಅಳತೆಯಲ್ಲಿ 3 ಬಂದರೂ ಸುಮ್ನೆ ಬಿಡುವಂತಿಲ್ಲ.

ಮೊದಲು ನನ್ನ ಎಡವಟ್ಟು. ಪರೀಕ್ಷೆಗೆ ಒಂದು ಕಲ್ಪನೆಯ ಕೇಸ್ ಹಾಕಿದ್ದೆ. ಹಳೇ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ತೊಂದರೆ ಇದೆ, ಆಕ್ಸಿಜನ್ ಮೇಲೆ ಸ್ಯಾಚುರೇಶನ್ 97. ಆ್ಯಪ್ ಸ್ಯಾಚುರೇಶನ್ನಿಗೆ 0 ಕೊಟ್ಟು ಹಸಿರು ಬಣ್ಣ ತೋರಿಸಿತು. ವಾರ್ಡ್ ನೋಡಿಕೊಳ್ಳುವ ನಮ್ಮಕ್ಕ ನೋಡಿ, 'ಇದು ಹಸಿರಾ?' ಅಂದಳು. ಅಂಥವರಿಗೆ ಗುರಿ 88ರಿಂದ 92, ಅವರಿಗೇ ಬೇರೆ ಅಳತೆ ಇದೆ. ಆಕ್ಸಿಜನ್ ಮೇಲೆ 97 ಅಂದರೆ ಆ ಅಳತೆಯಲ್ಲಿ 3 ಅಂಕ. ಹೆಚ್ಚಿದ್ದರೆ ಒಳ್ಳೆಯದು ಅಂತ ಕೋಡ್ ಅಂದುಕೊಂಡಿತ್ತು. ಅಂದರೆ ನಾನು ಅಂದುಕೊಂಡಿದ್ದೆ.

ಅದು ಹತ್ತು ನಿಮಿಷದ ಕೆಲಸ. ಇನ್ನೊಂದು ಹಾಗಲ್ಲ.

ಆಪರೇಷನ್ ಆಗಿ ಎರಡನೇ ದಿನದ ಒಂದು ಕೇಸ್. ಉಸಿರಾಟ 22, ಸ್ಯಾಚುರೇಶನ್ 95, ಮೇಲಿನ ಬಿಪಿ 108, ಪಲ್ಸ್ 88, ಉಳಿದದ್ದು ಸರಿ. ಒಟ್ಟು 4. ಪರೀಕ್ಷೆಗೆ ಕೂತ ಹೊಸ ಹುಡುಗಿ, 'ನಾಲ್ಕೇ ತಾನೇ' ಅಂತ ಮುಂದಕ್ಕೆ ಹೋದಳು. ಅಕ್ಕನಿಗೆ ಅದನ್ನೇ ಹಾಳೆಯ ಮೇಲೆ ಬರೆದು ಕೊಟ್ಟೆ, ಅಂಕ ಹಾಕದೆ. ಅವಳು ಕೇಳಿದ್ದು ಎರಡೇ ಪ್ರಶ್ನೆ. ಎರಡು ಗಂಟೆ ಮೊದಲು ಎಷ್ಟಿತ್ತು? ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನ ಮಾಡುವ ಮಾತ್ರೆ) ತಗೋತಾರಾ? ಮೊದಲು ಉಸಿರಾಟ 16, ಬಿಪಿ 132 ಇತ್ತು. ಮಾತ್ರೆಯೂ ಇತ್ತು. ಒಳಗೆ ರಕ್ತ ಸೋರುತ್ತಿದ್ದರೂ ಆ ಮಾತ್ರೆ ಪಲ್ಸ್ ಏರದಂತೆ ಹಿಡಿದಿಡಬಹುದು.

ಆ ಹುಡುಗಿಗೆ ಗೊತ್ತಿರಲಿಲ್ಲ ಅಂತಲ್ಲ. ಆಮೇಲೆ ಕೇಳಿದರೆ ಮಾತ್ರೆಯ ವಿಷಯ ಸರಿಯಾಗಿಯೇ ಹೇಳಿದಳು. ನನ್ನ ಅಂಕ ಅವಳಿಗಿಂತ ಮೊದಲು ಬಾಯಿ ಹಾಕಿತ್ತು, ಅಷ್ಟೇ.

ಹಾಗಾಗಿ ಕ್ರಮ ತಿರುಗಿಸಿದೆ. ಏನು ಕಂಡಿತು, ಏನಿರಬಹುದು, ಈಗ ಏನು ಮಾಡುತ್ತೀರಿ, ಈ ಮೂರು ಬರೆದ ಮೇಲೇ ಅಂಕ. ಆದರೆ 5 ಮುಟ್ಟಿದರೆ ಅಥವಾ ಒಂದರಲ್ಲೇ 3 ಬಂದರೆ ಕಾಯಿಸದೆ ತೋರಿಸುತ್ತದೆ. ಜೀವದ ಪ್ರಶ್ನೆ ಇರುವಾಗ ಪಾಠ ಯಾರಿಗೆ ಬೇಕು?

ಜಾಣತನ ಮಾಡಿದೆ ಅಂತ ಬೀಗುತ್ತಿದ್ದೆ. ಎರಡನೇ ದಿನ ಅದೇ ಹುಡುಗಿ ಕೇಳಿದಳು: 'ಅಂಕ ತಕ್ಷಣ ಬರಲಿಲ್ಲ ಅಂದ್ರೆ ಕಡಿಮೆ ಇದೆ ಅಂತ ಅರ್ಥ, ಅಲ್ವಾ ಸರ್?'

ಹೌದು. ಈಗ ಅದನ್ನೂ ಬಿಚ್ಚಿ ಕೂತಿದ್ದೇನೆ. ಅಭ್ಯಾಸದ ಕೇಸ್‌ಗಳಲ್ಲಿ ಯಾವಾಗಲೂ ಮುಚ್ಚಿಡುವುದು, ಡ್ಯೂಟಿಯಲ್ಲಿ ಮುಚ್ಚಿಡುವುದೇ ಬೇಡ ಅಂತ ಸದ್ಯದ ಯೋಚನೆ. ಹಿಂದಿನ ಎರಡು ಅಳತೆ ಅಂಕದ ಪಕ್ಕದಲ್ಲೇ ಕಾಣುವಂತೆ ಮಾಡುವುದು ಮಾತ್ರ ಖಚಿತ.