ಆ 30 ಎಲ್ಲಿ ಹೋಯ್ತು?

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಪ್ರಿನ್ಸಿಪಾಲ್ ಮೇಡಂ ನನ್ನ ಆನ್‌ಲೈನ್ ಕ್ಲಾಸಿಗೆ ಬಂದು ಕೂತರು. ಕೂತರು ಅಂದರೆ ಏನು, ಪರದೆಯ ಮೂಲೆಯಲ್ಲಿ ಇನ್ನೊಂದು ಕಪ್ಪು ಚೌಕ ಜಾಸ್ತಿಯಾಯಿತು, ಅಷ್ಟೇ. ಆದರೂ ನನಗೆ ಅರಸೀಕೆರೆಯ ನಮ್ಮ ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಿದ್ದ ದಿನ ನೆನಪಾಯಿತು. ಅವತ್ತು ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿರುತ್ತಿದ್ದರು. ನಾವು ಉರು ಹೊಡೆದಿದ್ದ ಪ್ರಶ್ನೆಯನ್ನೇ ಕೇಳುತ್ತಿದ್ದರು. ಇನ್‌ಸ್ಪೆಕ್ಟರ್ ಹಾಜರಿ ಪುಸ್ತಕ ತಿರುವಿ, ಕಾಫಿ ಕುಡಿದು ಹೋಗುತ್ತಿದ್ದರು.

ನಾನು ಫ್ಲಾರಿಡಾದ ಒಂದು ಆನ್‌ಲೈನ್ ಹೈಸ್ಕೂಲಿನಲ್ಲಿ ಆಲ್ಜೀಬ್ರಾ ಹೇಳಿಕೊಡುತ್ತೇನೆ. ಊರಲ್ಲಿ ಹೇಳಿದರೆ "ಕೊರೋನಾ ಮುಗಿದರೂ ಅಲ್ಲಿ ಶಾಲೆ ತೆಗೆದಿಲ್ವಾ?" ಅಂತ ಕೇಳುತ್ತಾರೆ. ಇಲ್ಲಿ ಇದು ಹಳೇ ಕಥೆ. ಇದೇ ರಾಜ್ಯದ ಫ್ಲಾರಿಡಾ ವರ್ಚುವಲ್ ಸ್ಕೂಲ್ ಶುರುವಾದದ್ದು 1997ರಲ್ಲಿ. ಅದು ಸರ್ಕಾರಿ ಶಾಲೆ. ನಾನಿರುವುದು ಬೇರೆ, ಚಿಕ್ಕದು. ಪಾಠ, ಹೋಂವರ್ಕ್ ಎಲ್ಲಾ ವೆಬ್‌ಸೈಟಿನಲ್ಲಿ ಇರುತ್ತವೆ. ಮಕ್ಕಳು ಅವರವರ ವೇಗದಲ್ಲಿ ಮಾಡುತ್ತಾರೆ. ಒಂದು ಘಟ್ಟ ಮುಗಿದ ಮೇಲೆ ಫೋನಿನಲ್ಲಿ ಮಾತಾಡಿಸಿ, ನಿಜವಾಗಿ ಅರ್ಥವಾಗಿದೆಯಾ, ಸ್ವಂತ ಮಾಡಿದ್ದಾ ಅಂತ ನೋಡುತ್ತೇವೆ. ವಾರಕ್ಕೆ ಎರಡು ಲೈವ್ ಕ್ಲಾಸ್.

ಅವತ್ತಿನ ಕ್ಲಾಸ್ ಚೆನ್ನಾಗಿತ್ತು ಅಂತಲೇ ನಾನು ಬೀಗಿದ್ದೆ. ಸಂಜೆ ಮೇಡಂ ಒಂದು ಹಾಳೆಯ ಫೋಟೋ ಕಳಿಸಿದರು. 40 ನಿಮಿಷದಲ್ಲಿ ನಾನು ಮಾತಾಡಿದ್ದು 33 ನಿಮಿಷ. ಚಾಟಿನಲ್ಲಿ ಮಕ್ಕಳು ಬರೆದದ್ದು 11 ಸಾಲು, ಅದರಲ್ಲಿ 9 ಬರೀ "ಯೆಸ್". ಕೆಳಗೆ ಒಂದು ಪ್ರಶ್ನೆ: ಅವರಿಗೆ ಅರ್ಥವಾಯಿತು ಅಂತ ನಿಮಗೆ ಹೇಗೆ ಗೊತ್ತಾಯಿತು?

ಸಿಟ್ಟು ಬಂತು. ರೆಕಾರ್ಡಿಂಗ್ ಹಾಕಿ ನೋಡಿದೆ. ಪ್ರಶ್ನೆ ಕೇಳಿ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದಿದ್ದರಂತೆ. ಮೇಷ್ಟ್ರುಗಳು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಎದುರಿಗೆ ಮುಖ ಇದ್ದಾಗಲೇ ಹಾಗೆ. ಕಪ್ಪು ಚೌಕಗಳ ಮುಂದೆ ಮೂರು ಸೆಕೆಂಡ್ ಅಂದರೆ ಒಂದು ಯುಗ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರದ ಪಾಠವನ್ನು ನನ್ನ ಜೊತೆ ಕೂತು ಕಟ್ಟಿದರು. ಹಿಂದಿನ ಶಾಲೆಯಲ್ಲಿ ನಾನು ಕಂಡ ಮುಖ್ಯಸ್ಥರಿಗೆ ಲಾಗಿನ್ ಲೆಕ್ಕ ಬಿಟ್ಟರೆ ಬೇರೆ ಏನೂ ಬೇಕಿರಲಿಲ್ಲ. ವಿದ್ಯಾರ್ಥಿಯೇ ಕೇಂದ್ರ ಅಂತ ಪೋಸ್ಟರ್ ಮಾತ್ರ ಇತ್ತು. ಎಲೆ ಹಾಕಿ, ಏನೂ ಬಡಿಸದೆ, "ನಿಮ್ಮ ವೇಗದಲ್ಲಿ ಊಟ ಮಾಡಿ" ಅಂದ ಹಾಗೆ.

ಆ ವಾರ ವರ್ಗ ಬಿಡಿಸುವ ಪಾಠ. ಸಂಜೆ ಹೊತ್ತು ದಿನಸಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ, ಎಕ್ಸ್ ಪ್ಲಸ್ 3, ಎರಡೂ ಸೇರಿದ್ದರ ವರ್ಗ ಅಂದರೆ ಎಕ್ಸ್ ವರ್ಗ ಪ್ಲಸ್ 9 ಅಂತ ಬರೆದ. ಎಲ್ಲರೂ ಮಾಡುವ ತಪ್ಪು. ಮೊದಲಾಗಿದ್ದರೆ "ಟೂ ಎಬಿ ಮರೆತೆಯಲ್ಲಪ್ಪ" ಅಂದುಬಿಡುತ್ತಿದ್ದೆ. ನಮ್ಮನ್ನೆಲ್ಲ ಆ ಸೂತ್ರದಲ್ಲೇ ಬೆಳೆಸಿದ್ದು, ಅಲ್ವಾ? ಈ ಸಲ, "ಎಕ್ಸ್ ಜಾಗಕ್ಕೆ 5 ಹಾಕಿ ನೋಡು" ಅಂದು ಬಾಯಿ ಮುಚ್ಚಿಕೊಂಡೆ. 8ರ ವರ್ಗ 64. ಅವನ ಲೆಕ್ಕದಲ್ಲಿ 25 ಪ್ಲಸ್ 9, 34.

"ಆ 30 ಎಲ್ಲಿ ಹೋಯ್ತು?" ಅಂದ.

ಯಾರೂ ಮಾತಾಡಲಿಲ್ಲ. ನಮ್ಮನೆ ಫ್ಯಾನಿನ ಸದ್ದು ನನಗೇ ಕೇಳುತ್ತಿತ್ತು. ನಾಲಿಗೆ ತುದಿಗೆ ಉತ್ತರ ಬಂದು ನಿಂತಿದೆ. ತುಟಿ ಕಚ್ಚಿಕೊಂಡು ಕೂತೆ. ಆಮೇಲೆ ಪರದೆಯ ಮೇಲೆ ಯಾರೋ ಮೌಸಿನಲ್ಲಿ ಸೊಟ್ಟ ಚೌಕ ಎಳೆದರು. ಒಳಗೆ 5ರದ್ದೊಂದು ದೊಡ್ಡ ಚೌಕ, ಮೂಲೆಯಲ್ಲಿ 3ರದ್ದೊಂದು ಚಿಕ್ಕದು. ಆ ಎರಡು ತಿಂಗಳಲ್ಲಿ ಒಂದು ಸಲವೂ ಮೈಕ್ ಹಾಕದ ಹುಡುಗಿ. "ಎರಡು ಪಟ್ಟಿ ಖಾಲಿ ಉಳಿದಿವೆ. 15, 15," ಅಂದಳು. ಹಿಂದೆಲ್ಲೋ ನಾಯಿ ಬೊಗಳುತ್ತಿತ್ತು. ಅದಕ್ಕೇ ಮೈಕ್ ಹಾಕುತ್ತಿರಲಿಲ್ಲವಂತೆ, ಆಮೇಲೆ ಫೋನಿನಲ್ಲಿ ಹೇಳಿದಳು.

ಮಾರ್ಚಿನಲ್ಲಿ ಮೇಡಂ ಮತ್ತೆ ಎಣಿಸಿದರು. ನಾನು ಮಾತಾಡಿದ್ದು 19 ನಿಮಿಷ. ಅದರಲ್ಲಿ ಮೂರು ನಿಮಿಷ ಸುಮ್ನೆ "ನನ್ನ ದನಿ ಕೇಳಿಸ್ತಿದೆಯಾ" ಅಂದದ್ದೇ. ಅಷ್ಟನ್ನು ಲೆಕ್ಕದಿಂದ ತೆಗೀರಿ ಅಂತ ಬೇಡಿಕೊಂಡೆ. ತೆಗೆಯಲಿಲ್ಲ.