ಸಿಗಡಿ ಶೆಡ್ಡಿನ ನೀರು ಮತ್ತು ಪ್ರೋಟೀನು ಕರಗಿಸುವ ಬ್ಯಾಕ್ಟೀರಿಯಾ

ಕಾರವಾರದಿಂದ ಭಟ್ಕಳದವರೆಗೆ ಸಿಗಡಿ ಸುಲಿಯುವ ಶೆಡ್ಡುಗಳ ಹಿಂದಿನ ಚರಂಡಿಯಲ್ಲಿ, ಕೋಲಿನಿಂದ ಸರಿಸಿದರೂ ಬೇಗ ಒಡೆಯದ, ಅಂಚು ಹಳದಿಗಟ್ಟಿದ ನೊರೆ ಕಾಣಸಿಗುತ್ತದೆ. ಅದಕ್ಕೆ ಮುಖ್ಯ ಕಾರಣ ನೀರಿನಲ್ಲಿ ಕರಗಿದ ಪ್ರೋಟೀನು. ಸಿಗಡಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಲೆ ಮತ್ತು ಸಿಪ್ಪೆಯಾಗಿ ಹೊರಬೀಳುವುದರಿಂದ ಈ ತ್ಯಾಜ್ಯವನ್ನು ಹಗುರವಾಗಿ ಪರಿಗಣಿಸುವಂತಿಲ್ಲ.

ಗಾಳಿಯಾಡದ ಗುಂಡಿಯಲ್ಲಿ ಈ ನೀರು ನಿಂತಾಗ, ಪ್ರೋಟೀನಿನಲ್ಲಿ ಗಂಧಕವಿರುವ ಅಮಿನೋ ಆಮ್ಲಗಳಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ಊರಿಗೆಲ್ಲ ನಾತ ಹಬ್ಬುತ್ತದೆ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಪ್ರೋಟಿಯೇಸ್ ಎಂಬ ಕಿಣ್ವವನ್ನು ತಮ್ಮ ಕೋಶದ ಹೊರಗೆ ಸ್ರವಿಸಿ, ಪ್ರೋಟೀನಿನ ಉದ್ದನೆಯ ಸರಪಳಿಯನ್ನು ತುಂಡರಿಸಿ, ಆ ತುಂಡುಗಳನ್ನು ಹೀರಿಕೊಂಡು ಬೆಳೆಯುತ್ತವೆ. ಬಟ್ಟೆಯ ಮೇಲಿನ ರಕ್ತದ ಕಲೆ ತೆಗೆಯಲೆಂದು ಸೋಪಿನ ಪುಡಿಗೆ ಸೇರಿಸುವ ಕಿಣ್ವವೂ ಇದೇ ಬಗೆಯದು.

ಆದರೆ ಪ್ಯಾಕೆಟ್ಟಿನಲ್ಲಿ ಮಾರುವ ಇಂಥ ಬ್ಯಾಕ್ಟೀರಿಯಾವನ್ನು ತ್ಯಾಜ್ಯನೀರಿನ ತೊಟ್ಟಿಗೆ ಸುರಿದರೆ ಕೆಲಸ ಮುಗಿಯಿತೆಂಬ ಮಾರಾಟಗಾರರ ಮಾತನ್ನು ನಾನು ಒಪ್ಪುವುದಿಲ್ಲ. ಪ್ರೋಟೀನಿನ ತೂಕದಲ್ಲಿ ಸುಮಾರು 16 ಶೇಕಡಾ ಸಾರಜನಕವಿರುತ್ತದೆ. ಪ್ರೋಟೀನು ಒಡೆದಾಗ ಆ ಸಾರಜನಕದಲ್ಲಿ ಹೆಚ್ಚಿನದು ಅಮೋನಿಯಾ ಆಗುತ್ತದೆ, ಮತ್ತು ಆ ಅಮೋನಿಯಾ ಹಳ್ಳ ಸೇರಿದರೆ ಮೀನಿಗೆ ವಿಷ. ಅದನ್ನು ನೈಟ್ರೇಟ್ ಆಗಿಸುವವು ಬೇರೆಯೇ ಬ್ಯಾಕ್ಟೀರಿಯಾಗಳು. ಅಮೋನಿಯಾ ರೂಪದ ಪ್ರತಿ ಗ್ರಾಂ ಸಾರಜನಕಕ್ಕೆ ಅವು ಸುಮಾರು 4.6 ಗ್ರಾಂ ಆಮ್ಲಜನಕವನ್ನು ಬಳಸುತ್ತವೆ, ಜೊತೆಗೆ ನೀರಿನ ಕ್ಷಾರತೆಯನ್ನೂ, ಅಂದರೆ ಹುಳಿಯಾಗದಂತೆ ತಡೆಯುವ ಗುಣವನ್ನೂ, ಕುಗ್ಗಿಸುತ್ತವೆ. ಆದ್ದರಿಂದ ಗಾಳಿ ಊದುವ ಯಂತ್ರಕ್ಕೆ ಖರ್ಚು ಮಾಡದೆ ಬ್ಯಾಕ್ಟೀರಿಯಾಕ್ಕೆ ಮಾತ್ರ ಹಣ ಸುರಿಯುವುದು ವ್ಯರ್ಥ. ಕ್ಷಾರತೆಯ ಕೊರತೆಯನ್ನು ಚಿಪ್ಪಿಯ ಪುಡಿಯಿಂದ ಒಂದಿಷ್ಟು ತುಂಬಬಹುದು.

ನಮ್ಮ ಕರಾವಳಿಯ ಎರಡು ಸಂಗತಿಗಳನ್ನು ಹೊರಗಿನಿಂದ ಬರುವ ಮಾರಾಟಗಾರರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಮೊದಲನೆಯದು ಉಪ್ಪು: ಸಿಹಿನೀರಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳಲ್ಲಿ ಹಲವು ಉಪ್ಪುನೀರಿನಲ್ಲಿ ಸೊರಗುತ್ತವೆ, ಅದೇ ಚರಂಡಿಯ ಕೆಸರಿನಲ್ಲಿ ಬದುಕಿರುವವು ಉಪ್ಪಿಗೆ ಒಗ್ಗಿರುವುದರಿಂದ ಅವುಗಳನ್ನೇ ತೊಟ್ಟಿಯಲ್ಲಿ ಬೆಳೆಸುವುದು ಜಾಣತನ. ಎರಡನೆಯದು ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ. ಆಗ ತ್ಯಾಜ್ಯ ಬಹುಮಟ್ಟಿಗೆ ನಿಂತು ತೊಟ್ಟಿಯ ಬ್ಯಾಕ್ಟೀರಿಯಾಗಳು ಹಸಿವಿನಿಂದ ಕ್ಷೀಣಿಸುತ್ತವೆ. ಅಮೋನಿಯಾ ನಿವಾರಿಸುವವು ನಿಧಾನವಾಗಿ ಬೆಳೆಯುವುದರಿಂದ, ಆಗಸ್ಟಿನಲ್ಲಿ ಬೋಟುಗಳು ಮರಳಿದ ಮೊದಲ ದಿನವೇ ಪೂರ್ಣ ತ್ಯಾಜ್ಯವನ್ನು ಬಿಟ್ಟರೆ ತೊಟ್ಟಿ ತಾಳಿಕೊಳ್ಳುವುದಿಲ್ಲ. ಮಳೆಗಾಲದುದ್ದಕ್ಕೂ ಅಲ್ಪಸ್ವಲ್ಪ ಆಹಾರ ಮತ್ತು ಗಾಳಿ ಕೊಡುತ್ತಿರಬೇಕು, ಆಮೇಲೆ ಹಂತ ಹಂತವಾಗಿ ಪ್ರಮಾಣವನ್ನು ಏರಿಸಬೇಕು.

ಸಿಪ್ಪೆಯನ್ನಂತೂ ನೀರಿಗೆ ಸೇರಲು ಬಿಡಲೇಬಾರದು. ಹಸಿಯಿರುವಾಗಲೇ ಜಜ್ಜಿ, ಬೆಲ್ಲ ಮತ್ತು ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾ ಬೆರೆಸಿ ಮುಚ್ಚಿಟ್ಟರೆ, ಆ ಆಮ್ಲವು ಸಿಪ್ಪೆಯಲ್ಲಿನ ಸುಣ್ಣವನ್ನು ಕರಗಿಸುತ್ತದೆ, ಕಿಣ್ವಗಳು ಪ್ರೋಟೀನನ್ನು ಬಿಡಿಸುತ್ತವೆ, ಬಿರುಸಾಗಿದ್ದ ಸಿಪ್ಪೆ ಬೆರಳಿಗೆ ಮೆತ್ತಗಾಗಿ ಸಿಗುತ್ತದೆ. ಉಳಿಯುವುದು ಬಹುಪಾಲು ಕೈಟಿನ್ ಎಂಬ, ಸಿಪ್ಪೆಯ ನಾರಿನಂಥ ವಸ್ತು. ಸೋಸಿದ ದ್ರವವನ್ನು ಶಿರಸಿಯ ಅಡಿಕೆ ತೋಟಗಳಿಗೆ ಗೊಬ್ಬರವಾಗಿ ಒಯ್ಯುವ ಆಲೋಚನೆ ನನಗೆ ಬಹಳ ಇಷ್ಟ. ಆದರೆ ಸಿಪ್ಪೆಯನ್ನು ಮೊದಲೇ ಸಿಹಿನೀರಿನಲ್ಲಿ ತೊಳೆದು, ದ್ರವದ ಉಪ್ಪನ್ನು ಅಳೆದ ಮೇಲೆಯೇ ಅದನ್ನು ಘಟ್ಟ ಹತ್ತಿಸಬೇಕು.